ಯುವಜನರ ನಿಸರ್ಗ ಸಂರಕ್ಷಣಾ ಕಾರ್ಯಗಳಿಗೆ ಸಣ್ಣ ಅನುದಾನ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ



ಗ್ರಾಮದ ಯುವಕ ಯುವತಿಯರ ತಂಡವೊಂದು ಕೆರೆಯಂಗಳವನ್ನೋ, ದೇವರಕಾಡನ್ನೋ, ಹಕ್ಕಿಗಳು ಗೂಡುಕಟ್ಟುವ ಮರಗಳನ್ನೋ ಕಾಪಾಡಲು ನೆರವು ಕೋರಿ ಅರ್ಜಿ ಸಲ್ಲಿಸಿದಾಗ ಪಂಚಾಯಿತಿ ಸಭೆಯಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಒಂದು, "ಇದು ಅರಣ್ಯ ಇಲಾಖೆಯ ಕೆಲಸ". ಇನ್ನೊಂದು, "ನೂರು ಸಸಿ ಕೊಡಿಸಿದರಾಯಿತು". ಮೊದಲನೆಯದು ಕಾನೂನಿನ ದೃಷ್ಟಿಯಿಂದ ಸರಿಯಲ್ಲ. ಎರಡನೆಯದು ಹಣ ಪೋಲಾಗುವ ಅತ್ಯಂತ ಸುಲಭ ದಾರಿ. ಇಂತಹ ಅರ್ಜಿಯನ್ನು ಪರಿಶೀಲಿಸುವ ಬಗೆಯನ್ನು ನಮ್ಮ ರಾಜ್ಯದ ಒಂದು ಉದಾಹರಣೆಯ ಮೂಲಕ ಇಲ್ಲಿ ನೋಡೋಣ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡುಕಟ್ಟುವುದು ಅಭಯಾರಣ್ಯದಲ್ಲಲ್ಲ, ಮನೆಗಳ ನಡುವಿನ ಹುಣಸೆ ಮತ್ತು ಆಲದ ಜಾತಿಯ ಮರಗಳಲ್ಲಿ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಗ್ರಾಮದ ಮಹತ್ವವನ್ನು ಹೊರಜಗತ್ತಿಗೆ ತಿಳಿಸಿದರು. ಗ್ರಾಮಸ್ಥರಿಗಂತೂ ಈ ಹಕ್ಕಿಗಳು ಹೊಸತೇನಲ್ಲ. ಮರದಡಿ ಬೀಳುವ ಹಿಕ್ಕೆಯನ್ನು ಅವರು ಗೊಬ್ಬರವಾಗಿ ಬಳಸಿಕೊಂಡು ಬಂದವರು. 1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರ ಒಡನಾಟದಿಂದ ಗ್ರಾಮದ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡರು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಎತ್ತಿತಂದು, ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಹಾರಲು ಶಕ್ತವಾದ ಮೇಲೆ ಬಿಟ್ಟುಬಿಡುವುದು ಅವರು ಕೈಗೊಂಡ ಕಾರ್ಯ. 2007ರಲ್ಲಿ ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಈ ಕಾರ್ಯಕ್ಕೆ ತಗಲುವ ವೆಚ್ಚ ಎಂತಹದು ಎಂಬುದನ್ನು ಗಮನಿಸಬೇಕು. ಕಟ್ಟಡ ಬೇಕಿಲ್ಲ, ಯಂತ್ರ ಬೇಕಿಲ್ಲ. ಬೇಕಾದದ್ದು ಬೇಲಿ, ದಿನದಿನದ ಮೀನು, ಮತ್ತು ಗೂಡುಕಟ್ಟುವ ಕಾಲದುದ್ದಕ್ಕೂ ಮರದಡಿ ಕಣ್ಣಿಟ್ಟಿರುವ ಜನ. ಮೊತ್ತ ಚಿಕ್ಕದು, ಆದರೆ ಒಂದು ದಿನವೂ ತಪ್ಪುವಂತಿಲ್ಲ. ದೊಡ್ಡ ಯೋಜನೆಯ ಹಣ ಆರು ತಿಂಗಳು ತಡವಾಗಿ ಬಂದರೂ ನಡೆದೀತು; ಮರಿಯ ಹಸಿವು ಬಿಲ್ಲು ಮಂಜೂರಾಗುವವರೆಗೆ ಕಾಯದು.

ಇನ್ನೊಂದು ವೆಚ್ಚವಿದೆ, ಅದು ಸಾಮಾನ್ಯವಾಗಿ ಅಂದಾಜು ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಹಕ್ಕಿಗಳು ಮರಿಮಾಡುವ ತಿಂಗಳುಗಳಲ್ಲೇ ಹುಣಸೆಯೂ ಹಣ್ಣಾಗುತ್ತದೆ. ಕೊಂಬೆ ಬಡಿದು ಹಣ್ಣು ಉದುರಿಸಿದರೆ ಗೂಡು ಉಳಿಯದು. ಬಡಿಯದಿದ್ದರೆ ಮರದ ಒಡೆಯನ ಆದಾಯ ಹೋಗುತ್ತದೆ. ಅಲ್ಲಿ ಗೂಡಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರಧನ ನೀಡುವ ಪದ್ಧತಿ ಬಂದದ್ದು ಈ ಕಾರಣದಿಂದ. ಆದುದರಿಂದ ಯಾವುದೇ ಅರ್ಜಿ ಬಂದಾಗ ಸದಸ್ಯರು ಮೊದಲು ಕೇಳಬೇಕಾದ ಪ್ರಶ್ನೆ "ಎಷ್ಟು ಹಣ?" ಎಂಬುದಲ್ಲ, "ಇದರಿಂದ ಯಾರಿಗೆ ನಷ್ಟ?" ಎಂಬುದು. ಕೆರೆಯಂಗಳಕ್ಕೆ ಬೇಲಿ ಹಾಕಿದರೆ ಕುರಿಗಾಹಿಗಳು ಎಲ್ಲಿಗೆ ಹೋಗಬೇಕು? ದೇವರಕಾಡಿನಲ್ಲಿ ಸೌದೆ ಆರಿಸುವುದನ್ನು ನಿಲ್ಲಿಸಿದರೆ ಯಾವ ಮನೆಯ ಒಲೆಗೆ ತೊಂದರೆ? ಅವರನ್ನು ಗ್ರಾಮ ಸಭೆಗೆ ಕರೆಸಿ ಮಾತನಾಡಿಸದೆ ಮಂಜೂರು ಮಾಡಿದ ಕಾಮಗಾರಿ ಮೊದಲ ಬೇಸಿಗೆಯನ್ನೇ ದಾಟುವುದು ಕಷ್ಟ.

ಕಾನೂನಿನ ಆಧಾರದ ಬಗ್ಗೆ ಸಂಕ್ಷೇಪವಾಗಿ ಹೇಳುವುದಾದರೆ, ಜೀವವೈವಿಧ್ಯ ಕಾಯ್ದೆ 2002ರ ಕಲಂ 41ರಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸತಕ್ಕದ್ದು. ಕಲಂ 43ರಲ್ಲಿ ಸ್ಥಳೀಯ ಜೀವವೈವಿಧ್ಯ ನಿಧಿಗೆ ಅವಕಾಶವಿದ್ದು, ಪಂಚಾಯಿತಿ ವ್ಯಾಪ್ತಿಯ ಜೀವವೈವಿಧ್ಯದ ಸಂರಕ್ಷಣೆಗೂ, ಅದಕ್ಕೆ ಧಕ್ಕೆಯಾಗದಂತೆ ಸಮುದಾಯದ ಹಿತಕ್ಕೂ ಅದನ್ನು ಬಳಸಬಹುದು. ಸಮುದಾಯ ಮೀಸಲು ಪ್ರದೇಶದ ನಿರ್ವಹಣಾ ಸಮಿತಿಗೂ ಪ್ರತಿನಿಧಿಗಳನ್ನು ನಾಮನಿರ್ದೇಶನ ಮಾಡುವ ಅಧಿಕಾರವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆ ಗ್ರಾಮ ಪಂಚಾಯಿತಿಗೇ ಕೊಟ್ಟಿದೆ. ಹೊರಗಿನ ಮೂಲಗಳೂ ಇವೆ. 1992ರಲ್ಲಿ ಆರಂಭವಾದ ಜಾಗತಿಕ ಪರಿಸರ ಸೌಲಭ್ಯದ ಸಣ್ಣ ಅನುದಾನ ಕಾರ್ಯಕ್ರಮವು ಸಮುದಾಯ ಸಂಘಟನೆಗಳಿಗೆ ನೇರವಾಗಿ ನೆರವು ನೀಡುತ್ತದೆ. ಅಲ್ಲಿ ಅರ್ಜಿದಾರರು ಸಂಘಟನೆಗಳೇ ಆಗಿರಬೇಕು. ಪಂಚಾಯಿತಿಯ ಪಾತ್ರ ಠರಾವು ಮತ್ತು ಬೆಂಬಲ.

ಈಗ ಒಂದು ಕಲ್ಪಿತ ಅರ್ಜಿಯನ್ನು ಪರಿಶೀಲಿಸೋಣ. ಕೆರೆದಂಡೆಯಲ್ಲಿ ಗಿಡ ಬೆಳೆಸಲು ತಂಡವೊಂದು 45,000 ರೂಪಾಯಿ ಕೇಳಿದೆ ಎಂದುಕೊಳ್ಳಿ. ಸಸಿಗೆ 20,000, ಫಲಕ ಮತ್ತು ಬ್ಯಾನರಿಗೆ 8,000, ಉದ್ಘಾಟನೆಗೆ 7,000, ನೀರಿಗೆ 10,000. ಈ ಪಟ್ಟಿಯನ್ನು ತಿರಸ್ಕರಿಸಬೇಡಿ. ತಂಡದ ಜೊತೆ ಕುಳಿತು ತಿದ್ದಿ. ಸಸಿಗಳು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ರಿಯಾಯಿತಿ ದರದಲ್ಲಿ ದೊರೆಯುತ್ತವೆ. ಹೊಂಗೆ, ನೇರಳೆ, ಅತ್ತಿಯಂತಹ ನಾಡಸಸಿಗಳಿಗೂ ಗುಂಡಿಗೂ 9,000 ಸಾಕೆನ್ನೋಣ. ಮುಳ್ಳುಬೇಲಿಗೆ 12,000. ಎರಡು ಬೇಸಿಗೆ ನೀರುಣಿಸುವ ಕೂಲಿಗೆ 20,000. ಒಣಗಿದ ಸಸಿಗಳ ಬದಲಿಗೆ 3,000, ದಾಖಲೆ ಪುಸ್ತಕಕ್ಕೆ 1,000. ಮೊತ್ತ ಅದೇ 45,000. ಬ್ಯಾನರ್ ಇಲ್ಲ, ಅಷ್ಟೇ. ಸಸಿ ನೆಡುವ ದಿನ ಫೋಟೋದಲ್ಲಿ ನಿಲ್ಲಲು ನಮ್ಮಲ್ಲಿ ಯಾರಿಗೂ ಬಿಡುವಿಲ್ಲದೆ ಇಲ್ಲ. ಏಪ್ರಿಲ್ ತಿಂಗಳಲ್ಲಿ ಕೊಡ ಹಿಡಿಯುವವರ ಹೆಸರು ಅರ್ಜಿಯಲ್ಲೇ ಇರಲಿ. ಆ ಪಟ್ಟಿಯಲ್ಲಿ ಯುವತಿಯರ ಹೆಸರಿದೆಯೇ ಎಂದೂ ನೋಡಿ.

ಸಂರಕ್ಷಣೆಯೆಂದರೆ ಎಲ್ಲೆಡೆಯೂ ಗಿಡ ನೆಡುವುದಲ್ಲ ಎಂಬುದನ್ನು ಬಯಲುಸೀಮೆಯ ಸದಸ್ಯರು ವಿಶೇಷವಾಗಿ ನೆನಪಿಡಬೇಕು. ಹುಲ್ಲುಗಾವಲಾಗಿರುವ ಗೋಮಾಳದಲ್ಲಿ ಅಕೇಶಿಯಾ ನೆಟ್ಟರೆ ಕೃಷ್ಣಮೃಗಕ್ಕೂ ಜಾಗವಿಲ್ಲ, ಊರ ದನಕರುಗಳಿಗೂ ಮೇವಿಲ್ಲ. ಅಂತಹ ಕಡೆ ಒತ್ತುವರಿ ತಡೆಯುವುದು, ಬೇಸಿಗೆಯ ಬೆಂಕಿಯನ್ನು ಕಾಯುವುದು ಮತ್ತು ಜನತಾ ಜೀವವೈವಿಧ್ಯ ದಾಖಲಾತಿಗೆ ಹಿರಿಯರಿಂದ ವಿವರ ಬರೆದುಕೊಳ್ಳುವುದು ಹೆಚ್ಚು ಉಪಯುಕ್ತ.

ತಂಡ ನೋಂದಣಿಯಾಗಿಲ್ಲವೆಂಬ ಕಾರಣಕ್ಕೆ ಅರ್ಜಿಯನ್ನು ಹಿಂದಿರುಗಿಸುವುದು ಸರಿಯಲ್ಲ. ಸಮಿತಿಯೇ ಕಾಮಗಾರಿ ಕೈಗೊಂಡು, ಸಾಮಗ್ರಿಯ ಹಣವನ್ನು ಮಾರಾಟಗಾರರ ಖಾತೆಗೂ ಕೂಲಿಯನ್ನು ದುಡಿದವರ ಖಾತೆಗೂ ಪಾವತಿಸುವ ಕ್ರಮವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರೊಡನೆ ಚರ್ಚಿಸಿ ನಡವಳಿಯಲ್ಲಿ ದಾಖಲಿಸಬಹುದು. ಹಣವನ್ನು ಒಂದೇ ಕಂತಿನಲ್ಲಿ ಕೊಡಬೇಡಿ. ಮೊದಲ ಕಂತು ಮೇ ತಿಂಗಳೊಳಗೆ, ಗುಂಡಿ ತೆಗೆಯುವ ಮುನ್ನ. ಎರಡನೆಯದು ಬೇಸಿಗೆ ಆರಂಭದಲ್ಲಿ, ಬದುಕಿರುವ ಸಸಿಗಳನ್ನು ಸದಸ್ಯರೇ ಎಣಿಸಿದ ಮೇಲೆ. ಮಾರ್ಚ್ ಕೊನೆಯ ವಾರದಲ್ಲಿ ಖರ್ಚು ತೋರಿಸುವ ಆತುರಕ್ಕೆ ಬಿಡುಗಡೆಯಾದ ಹಣದಿಂದ ಒಣನೆಲದಲ್ಲಿ ಸಸಿ ನಿಲ್ಲದು.

ನಿಧಿಯ ವಾರ್ಷಿಕ ವರದಿಯ ಪ್ರತಿಯನ್ನು ಕಲಂ 45ರಂತೆ ಪಂಚಾಯಿತಿಗೆ ಒಪ್ಪಿಸಬೇಕು. ಲೆಕ್ಕಪರಿಶೋಧಿತ ಲೆಕ್ಕಪತ್ರಗಳೊಂದಿಗೆ ಅದನ್ನು ಕಲಂ 47ರಂತೆ ಜಿಲ್ಲಾ ದಂಡಾಧಿಕಾರಿಗಳಿಗೆ ಕಳುಹಿಸಬೇಕು. ಮುಂದಿನ ಸಾಮಾನ್ಯ ಸಭೆಗೆ ಬರುವ ಮುನ್ನ ತಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯರು ಯಾರು, ಅದರ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದೆಯೇ, ಕೊನೆಯ ಸಭೆ ನಡೆದದ್ದು ಯಾವಾಗ ಎಂಬ ಮೂರು ವಿವರಗಳನ್ನು ನಡವಳಿ ಪುಸ್ತಕದಿಂದ ಬರೆದು ತರಲು ಕೋರಿದೆ.