ಗೇಟಿನಾಚೆಯ ಆರು ಅಡಿ

ಮನೆ ಕಟ್ಟಿಸುತ್ತಿದ್ದೀಯಂತೆ, ಬಹಳ ಸಂತೋಷ ಕಣಮ್ಮ. ನೀನು ಕಳಿಸಿದ ಪ್ಲಾನನ್ನು ಮೂರು ಸಲ ನೋಡಿದೆ. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತದೆ, ದೇವರ ಕೋಣೆಯೂ ಚೆನ್ನಾಗಿದೆ. ನನ್ನ ಕಣ್ಣು ನಿಂತದ್ದು ಗೇಟಿನ ಮುಂದೆ. ಅಲ್ಲಿ ಎಂಜಿನಿಯರು ಎಳೆದಿರುವ ರ‍್ಯಾಂಪು ನಿನ್ನ ಸೈಟಿನ ಗೆರೆ ದಾಟಿ, ಫುಟ್‌ಪಾತನ್ನೂ ನುಂಗಿ, ಡಾಂಬರಿನವರೆಗೆ ಚಾಚಿಕೊಂಡಿದೆ. ಮೂವತ್ತು ವರ್ಷ ಸರ್ವೆ ಸರಪಳಿ ಹಿಡಿದವನು ನಾನು. ಹೇಳದೆ ಇರಲಾರೆ.

ಅಕ್ಕಪಕ್ಕದವರೆಲ್ಲ ಹಾಗೇ ಕಟ್ಟಿದ್ದಾರೆ ಅನ್ನುತ್ತೀಯ. ಹೌದು, ಬೆಂಗಳೂರಿನ ಬೀದಿಬೀದಿಯಲ್ಲೂ ಇದೇ ಪಾಡು. ಒಂದೊಂದು ಮನೆಯ ಮುಂದೆ ಒಂದೊಂದು ಎತ್ತರ. ಇಲ್ಲಿ ಟೈಲ್ಸು, ಅಲ್ಲಿ ನುಣುಪು ಗ್ರಾನೈಟು. ನಡೆಯುವವರು ಹತ್ತಿ ಇಳಿದು, ಹತ್ತಿ ಇಳಿದು, ಕೊನೆಗೆ ಸಾಕಪ್ಪಾ ಎಂದು ವಾಹನಗಳ ನಡುವೆಯೇ ನಡೆಯುತ್ತಾರೆ. ನಿಮ್ಮತ್ತೆ ಹೋದ ಆಷಾಢದಲ್ಲಿ ತರಕಾರಿಗೆ ಹೋದವಳು ಅಂಥದ್ದೇ ಒದ್ದೆ ಇಳಿಜಾರಿನಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಈಗಲೂ ಆ ಕೈಯಲ್ಲಿ ಹಿಟ್ಟು ನಾದಲು ಆಗುವುದಿಲ್ಲ. ಆ ಮನೆಯವರು ಕೆಟ್ಟವರಲ್ಲಮ್ಮ. ಓಡಿ ಬಂದು ನೀರು ಕೊಟ್ಟರು, ಆಟೋ ಹಿಡಿದುಕೊಟ್ಟರು. ಇಳಿಜಾರು ಮಾತ್ರ ಇವತ್ತಿಗೂ ಹಾಗೇ ಇದೆ.

ರ‍್ಯಾಂಪು ಬೀದಿಗೆ ಬರುವುದು ಯಾಕೆ ಗೊತ್ತೆ? ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತಲೇ ಇರುತ್ತದೆ. ಮಳೆನೀರು ಒಳಗೆ ನುಗ್ಗೀತೆಂಬ ಭಯಕ್ಕೆ ನಾವು ಪಾಯವನ್ನು 2 ಅಡಿ ಎತ್ತರಿಸುತ್ತೇವೆ. ಒಂದಡಿ ಏರಲು 8 ಅಡಿ ಉದ್ದ ಅಂದುಕೊಂಡರೂ ಕಾರಿಗೆ 16 ಅಡಿ ಇಳಿಜಾರು ಬೇಕು. 30-40ರ ಸೈಟಿನಲ್ಲಿ ಮುಂದೆ ಬಿಡುವುದೇ ಮೂರ್ನಾಲ್ಕು ಅಡಿ. ಮಿಕ್ಕಿದ್ದೆಲ್ಲ ನಡೆಯುವವರ ಜಾಗಕ್ಕೆ ಬೀಳುತ್ತದೆ. ಅದಕ್ಕೇ, ಮನೆ ಎಷ್ಟು ಬೇಕಾದರೂ ಎತ್ತರವಿರಲಿ, ಕಾರು ನಿಲ್ಲುವ ನೆಲ ಫುಟ್‌ಪಾತಿಗಿಂತ ನಾಲ್ಕೈದು ಇಂಚು ಮೇಲಿದ್ದರೆ ಸಾಕು. ಗೇಟಿನ ಒಳಗೆ ಅಡ್ಡಕ್ಕೆ ಒಂದು ಸಣ್ಣ ಕಾಲುವೆ ತೆಗೆಸಿ ಕಬ್ಬಿಣದ ಜಾಲರಿ ಮುಚ್ಚಿಸು, ನುಗ್ಗಿದ ನೀರು ಅಲ್ಲೇ ಇಳಿಯುತ್ತದೆ. ಅಲ್ಲಿಂದ ಒಳಕ್ಕೆ ಮೆಟ್ಟಿಲು ಇಡಿಸು. ಹೊರಗಿನ ಚಪ್ಪಡಿ ಆಚೆ ಮನೆಯಿಂದ ಈಚೆ ಮನೆಗೆ ಒಂದೇ ಸಮವಾಗಿ ಹೋಗಲಿ. ಕಾರು ಹತ್ತುವ ಇಳಿಜಾರು ರಸ್ತೆಯಂಚಿನ ಒಂದೂವರೆ ಅಡಿಯಲ್ಲಿ ಮುಗಿಯಬೇಕು.

ಇದು ನನ್ನೊಬ್ಬನ ಹಟವಲ್ಲ. ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಆರು ಅಡಿ, ಎರಡು ಗಾಲಿಕುರ್ಚಿಗಳು ಎದುರುಬದುರು ಬಂದರೂ ದಾಟಿಕೊಳ್ಳುವಷ್ಟು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೇ ಸೇರಿದ್ದು ಎಂದಿತು. ಆ ಸುದ್ದಿ ಓದಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಹೂಕುಂಡದ ಸಾಲು, 'ನೋ ಪಾರ್ಕಿಂಗ್' ಕಲ್ಲು ಇವೂ ಗೇಟಿನಾಚೆ ಬೇಡ. ಮೂಲೆಯಲ್ಲಿ ಕೂರುವ ಹೂವಿನ ಅಜ್ಜಿಯನ್ನು ಎಬ್ಬಿಸಿ ಅನ್ನುವವರ ಜೊತೆಗೂ ಸೇರಬೇಡ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯಿದೆ. ಅವಳ ಬುಟ್ಟಿಯ ಪಕ್ಕ ಜನ ಹಾಯುವಷ್ಟು ಜಾಗ ಬಿಡಿಸಿದರೆ ಆಯಿತು.

ಇನ್ನೊಂದು ಮಾತು, ಇದೇ ನನಗೆ ಹೆಚ್ಚು ಚಿಂತೆ ಹಚ್ಚಿದ್ದು. ಹಳೇ ಊರಿನವರು ಹಾಲಿನ ಡೇರಿಗೆ, ಬಸ್ಸಿಗೆ ಹೋಗುವ ಹಿಂಬದಿಯ ಕಾಲುದಾರಿಗೆ ಗೇಟು ಹಾಕಿ ಬೀಗ ಜಡಿಯಬೇಕೆಂದು ನಿಮ್ಮ ಬಡಾವಣೆಯವರು ಸಹಿ ಕೇಳುತ್ತಿದ್ದಾರಂತೆ. ಹಾಕಬೇಡ. ನಿಮ್ಮ ಬಡಾವಣೆ ನಿನ್ನೆ ಮೊನ್ನೆ ರಾಗಿ ಹೊಲವಾಗಿತ್ತು. ಗ್ರಾಮ ನಕಾಶೆ ಬಿಚ್ಚಿ ನೋಡಿದರೆ ಒಂಟಿ ಚುಕ್ಕೆಸಾಲು ಕಾಲುದಾರಿ, ಜೋಡಿ ಚುಕ್ಕೆಸಾಲು ಬಂಡಿದಾರಿ. ಆ ಚುಕ್ಕೆಗಳ ಮೇಲೆ ನಾನೇ ಎಷ್ಟೋ ಊರುಗಳಲ್ಲಿ ನಡೆದಿದ್ದೇನೆ. ಸರ್ವೆ ದಾಖಲೆಯಾದ ಆಕಾರ್‌ಬಂದಿನಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಯ ಜಾಗ, ಎಂದು ಬರೆದ ದಾರಿಯಾದರೆ ಅದು ಎಲ್ಲರದು. ಯಾರ ಕ್ರಯಪತ್ರಕ್ಕೂ ಅದು ಸೇರುವುದಿಲ್ಲ. ನಿನ್ನ ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊ, ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಅದನ್ನು ಬರೆದಿಡು, ನಕಾಶೆಯಲ್ಲಿ ನಾನು ಹುಡುಕಿಕೊಡುತ್ತೇನೆ.

ಕಳ್ಳರ ಭಯ ಅನ್ನುತ್ತಾರೆ, ಆ ಭಯ ನಿಜವೇ. ಅದಕ್ಕೆ ಬೀಗಕ್ಕಿಂತ ಒಂದು ದೀಪದ ಕಂಬ ಕೇಳಿ. ಬೆಳಗಿನ ಐದಕ್ಕೇ ಹಾಲಿನ ಕ್ಯಾನು ಹೊತ್ತು ಹೋಗುವ ಹೆಂಗಸರು ನಿಮ್ಮ ಬೀದಿ ಕಾಯುವಷ್ಟು ಯಾವ ವಾಚ್‌ಮನ್ನೂ ಕಾಯಲಾರ. ಆ ದಾರಿ ಮುಚ್ಚಿದರೆ ಅವರು ಮುಖ್ಯರಸ್ತೆ ಸುತ್ತಿ, ಲಾರಿಗಳ ಪಕ್ಕದಲ್ಲಿ ಕತ್ತಲಲ್ಲಿ ನಡೆಯಬೇಕಾಗುತ್ತದೆ.

ಪಾಯದ ಮಾರ್ಕಿಂಗು ಭಾನುವಾರ ತಾನೆ? ಟೇಪು, ಲೆವೆಲ್ ಪೈಪು ಹಿಡಿದು ಬರುತ್ತೇನೆ. ಗೇಟಿನ ಕಂಬಕ್ಕೆ ಗುಂಡಿ ತೋಡುವ ಮೊದಲು ನನಗಾಗಿ ಕಾಯಲಿ ಎಂದು ಮೇಸ್ತ್ರಿಗೆ ಹೇಳಿಡು. ನಿಮ್ಮತ್ತೆಯೂ ಬರುತ್ತಾಳೆ. ಕಾರು ಕಳಿಸಬೇಡ, ಬಸ್ ಸ್ಟಾಪಿನಲ್ಲಿ ಇಳಿದು ಆ ಕಾಲುದಾರಿಯಲ್ಲೇ ನಡೆದು ಬರುತ್ತೇವೆ.