ಹಾಸ್ಯಚಿತ್ರಗಳ ಉತ್ತರಭಾಗ: ಮಂಗಳದ ನಂತರದ ನಗೆ

ಯಶಸ್ವಿಯಾದ ಹಾಸ್ಯಚಿತ್ರದ ಮುಂದುವರಿದ ಭಾಗವು ಮೂಲಕ್ಕೆ ಸರಿಸಮನಾಗಿ ನಿಲ್ಲುವುದಿಲ್ಲವೆಂಬ ಮಾತು ಪ್ರೇಕ್ಷಕರಲ್ಲಿಯೂ ವಿಮರ್ಶಕರಲ್ಲಿಯೂ ರೂಢಿಯಲ್ಲಿದೆ. ಇದನ್ನು ನಿರ್ಮಾಪಕರ ವ್ಯಾಪಾರೀ ದೃಷ್ಟಿಯ ಫಲವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಸಾಹಸಚಿತ್ರಗಳ ವಿಷಯದಲ್ಲಿ ಇದೇ ವ್ಯಾಪಾರೀ ದೃಷ್ಟಿ ಅಷ್ಟಾಗಿ ಅಡ್ಡಿಯಾಗಿಲ್ಲ. ರಾಜ್‌ಕುಮಾರ್ ಅವರ ಸಿ.ಐ.ಡಿ. 999 ಪಾತ್ರವು 1968ರ ‘ಜೇಡರ ಬಲೆ’ಯಿಂದ ಆರಂಭವಾಗಿ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಾಲ್ಕು ಚಿತ್ರಗಳಲ್ಲಿ ಮುಂದುವರಿಯಿತು. ಹಾಗಾದರೆ ತೊಡಕು ಹಾಸ್ಯದ ಸ್ವರೂಪದಲ್ಲಿಯೇ ಇದೆಯೇ ಎಂಬುದನ್ನು ಕನ್ನಡದ ಕೆಲವು ಚಿತ್ರಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯ ಒಂದು ಸ್ಪಷ್ಟನೆ ಅಗತ್ಯ. ‘ಭಾಗ ಎರಡು’ ಎಂದು ಸಾಮಾನ್ಯವಾಗಿ ಕರೆಯಲಾಗುವ ಚಿತ್ರಗಳಲ್ಲಿ ಎರಡು ಬಗೆಗಳಿವೆ. ಕಥೆಯನ್ನೂ ಪಾತ್ರಗಳನ್ನೂ ಮುಂದುವರಿಸುವುದು ಒಂದು ಬಗೆ. ಇದನ್ನು ‘ಕಥಾನುವರ್ತನೆ’ ಎನ್ನಬಹುದು. ಶೀರ್ಷಿಕೆ, ನಟ ಅಥವಾ ಧಾಟಿಯನ್ನು ಮಾತ್ರ ಉಳಿಸಿಕೊಂಡು ಬೇರೆಯೇ ಕಥೆ ಹೇಳುವುದು ಇನ್ನೊಂದು, ಇದು ‘ನಾಮಾನುವರ್ತನೆ’. ಕನ್ನಡ ಹಾಸ್ಯಚಿತ್ರಗಳಲ್ಲಿ ಎರಡನೆಯ ಬಗೆಯೇ ಹೆಚ್ಚಾಗಿ ಕಾಣುವುದು ಗಮನಾರ್ಹ.

ಫಣಿ ರಾಮಚಂದ್ರ ಅವರ ಗಣೇಶ ಮಾಲಿಕೆ ಇದಕ್ಕೆ ಉತ್ತಮ ನಿದರ್ಶನ. 1990ರ ‘ಗಣೇಶನ ಮದುವೆ’ಯ ನಗೆಯು ಒಂದು ಅಜ್ಞಾನವನ್ನು ಆಧರಿಸಿದೆ. ವಠಾರದಲ್ಲಿ ಅಕ್ಕಪಕ್ಕದಲ್ಲಿದ್ದು ದಿನವೂ ಜಗಳವಾಡುವ ಗಣೇಶ (ಅನಂತ್ ನಾಗ್) ಮತ್ತು ಆದಿಲಕ್ಷ್ಮಿ (ವಿನಯಾ ಪ್ರಸಾದ್) ಬೇರೆ ಹೆಸರುಗಳಲ್ಲಿ ಪತ್ರದ ಮೂಲಕ ಪರಸ್ಪರ ಮೆಚ್ಚಿಕೊಂಡವರು. ಪ್ರೇಕ್ಷಕನಿಗೆ ತಿಳಿದಿರುವುದು ಪಾತ್ರಗಳಿಗೆ ತಿಳಿದಿಲ್ಲ. ಗುಟ್ಟು ಹೊರಬಿದ್ದು ಮದುವೆ ನಿಶ್ಚಯವಾದ ಕ್ಷಣದಲ್ಲಿ ಈ ಹಾಸ್ಯದ ಬಂಡವಾಳ ಪೂರ್ತಿಯಾಗಿ ಖರ್ಚಾಗಿರುತ್ತದೆ. ಆ ದಂಪತಿಗಳನ್ನೇ ಮುಂದುವರಿಸಿದ್ದರೆ ಉಳಿಯುತ್ತಿದ್ದುದು ಗುಟ್ಟಿಲ್ಲದ ಜಗಳ ಮಾತ್ರ.

ನಿರ್ದೇಶಕರು ಇದನ್ನು ಅರಿತಿದ್ದರೆಂಬುದಕ್ಕೆ 1991ರ ‘ಗೌರಿ ಗಣೇಶ’ವೇ ಸಾಕ್ಷಿ. ಇಲ್ಲಿ ಅನಂತ್ ನಾಗ್ ಗಣೇಶನಲ್ಲ, ಲಂಬೋದರ. ಗಣೇಶನೆಂಬ ಹೆಸರು ಒಬ್ಬ ಅನಾಥ ಬಾಲಕನಿಗೆ ಸಂದಿದೆ. ಮೃತಳಾದ ಗೌರಿ ಎಂಬ ಯುವತಿಯ ಹೆಸರನ್ನು ಬಳಸಿಕೊಂಡು ಸಿರಿವಂತರಿಂದ ಹಣ ಕೀಳುವ ಲಂಬೋದರನ ಸುಳ್ಳು ಇಲ್ಲಿ ನಗೆಯ ಮೂಲ. ಮೊದಲ ಚಿತ್ರದಲ್ಲಿ ಪಾತ್ರಗಳ ಅಜ್ಞಾನ ನಿರಪರಾಧಿಯಾದುದು. ಎರಡನೆಯದರಲ್ಲಿ ಸುಳ್ಳು ಉದ್ದೇಶಪೂರ್ವಕವಾದುದು. ಹೀಗಾಗಿ ನಗುತ್ತಿರುವಾಗಲೇ ಪ್ರೇಕ್ಷಕನಲ್ಲಿ ಒಂದು ನೈತಿಕ ಅಳುಕು ಉಂಟಾಗುತ್ತದೆ. ಉಳಿದುಕೊಂಡದ್ದು ಹೆಸರಿನ ನಂಟು, ನಟನ ಧಾಟಿ ಮತ್ತು ಮಧ್ಯಮವರ್ಗದ ಬದುಕಿನ ಹಿನ್ನೆಲೆ. ಹೊಸದಾದದ್ದು ಹಾಸ್ಯದ ಕಾರಣ. ಈ ಚಿತ್ರವು ಮೊದಲನೆಯದಕ್ಕೆ ಸಾಟಿಯಾಗಿ ನಿಲ್ಲುವುದು ಅದನ್ನು ಮುಂದುವರಿಸಿದ್ದರಿಂದಲ್ಲ, ಮುಂದುವರಿಸದೆ ಇದ್ದುದರಿಂದ. ಗಣೇಶನ ಹೆಸರು ಮುಂದೆ ‘ಗಣೇಶ ಸುಬ್ರಹ್ಮಣ್ಯ’ (1992) ಮೊದಲಾದ ಚಿತ್ರಗಳಿಗೂ ಹರಿಯಿತು.

ನಾಮಾನುವರ್ತನೆ ಎಲ್ಲೆಡೆಯೂ ಹೀಗೆ ಫಲಿಸುವುದಿಲ್ಲ. ರಾಜೇಂದ್ರಸಿಂಗ್ ಬಾಬು ಅವರ ‘ಕುರಿಗಳು ಸಾರ್ ಕುರಿಗಳು’ (2001) ತನ್ನ ಶೀರ್ಷಿಕೆಯನ್ನು ಕೆ. ಎಸ್. ನಿಸಾರ್ ಅಹಮದ್ ಅವರ ಪ್ರಸಿದ್ಧ ಕವನದಿಂದ ಪಡೆಯಿತು. ಕವನದಲ್ಲಿ ಆ ದ್ವಿರುಕ್ತಿಗೆ ಅರ್ಥವಿದೆ; ಒಂದರ ಹಿಂದೆ ಇನ್ನೊಂದು ಕುರುಡಾಗಿ ಸಾಗುವ ಮಂದೆಯ ಸ್ವಭಾವವನ್ನು ಮಾತಿನ ಪುನರಾವರ್ತನೆಯೇ ಅಭಿನಯಿಸುತ್ತದೆ. ಅನಂತರ ಬಂದ ‘ಕೋತಿಗಳು ಸಾರ್ ಕೋತಿಗಳು’ (2001) ಮತ್ತು ‘ಕತ್ತೆಗಳು ಸಾರ್ ಕತ್ತೆಗಳು’ (2003) ಚಿತ್ರಗಳ ಹೆಸರುಗಳಲ್ಲಿ ಆ ವಿಡಂಬನೆಯ ಬೇರು ಕಳಚಿ ಅಚ್ಚು ಮಾತ್ರ ಉಳಿದಿದೆ. ವಿಪರ್ಯಾಸವೆಂದರೆ, ಮಂದೆಯನ್ನು ಗೇಲಿಮಾಡಿದ ಶೀರ್ಷಿಕೆಯೇ ಒಂದು ಮಂದೆಯ ಮುಂದಾಳಾಯಿತು.

ಶರಣ್ ಅಭಿನಯದ ‘ಅಧ್ಯಕ್ಷ’ (2014) ಎರಡೂ ಬಗೆಯ ಅನುವರ್ತನೆಗಳನ್ನು ಕಂಡಿರುವುದರಿಂದ ಈ ಚರ್ಚೆಗೆ ವಿಶೇಷವಾಗಿ ಪ್ರಸ್ತುತ. ನಂದಕಿಶೋರ್ ನಿರ್ದೇಶನದ ಈ ಚಿತ್ರ 2013ರ ತಮಿಳು ಚಿತ್ರವೊಂದರ ಪುನರ್ನಿರ್ಮಾಣ. 2019ರ ‘ಅಧ್ಯಕ್ಷ ಇನ್ ಅಮೆರಿಕ’ ಹೆಸರಿನಲ್ಲಿ ಇದರ ಮುಂದುವರಿಕೆಯಂತೆ ತೋರಿದರೂ ಅದರ ಮೂಲ 2015ರ ಮಲಯಾಳಂ ಚಿತ್ರ ‘ಟು ಕಂಟ್ರೀಸ್’. ಬೇರೆ ಬೇರೆ ಭಾಷೆಗಳ, ಪರಸ್ಪರ ಸಂಬಂಧವಿಲ್ಲದ ಎರಡು ಕಥೆಗಳು ಕನ್ನಡದಲ್ಲಿ ಒಂದೇ ಕುಟುಂಬದ ಹೆಸರನ್ನು ಪಡೆದವು. ಊರಿನ ಹುಡುಗರ ಸಂಘದ ‘ಅಧ್ಯಕ್ಷ’ ಎಂಬ ಪದದಲ್ಲಿದ್ದ ವ್ಯಂಗ್ಯ, ಅಂದರೆ ಪದವಿಯ ಗಾಂಭೀರ್ಯಕ್ಕೂ ಅದನ್ನು ಹೊತ್ತವನ ಉಡಾಳತನಕ್ಕೂ ನಡುವಣ ಅಂತರ, ಊರಿನ ಹಿನ್ನೆಲೆ ತಪ್ಪಿದೊಡನೆ ಸಡಿಲವಾಗುತ್ತದೆ.

2024ರ ‘ಉಪಾಧ್ಯಕ್ಷ’ದ ಮಾರ್ಗ ಬೇರೆ. ಮೊದಲ ಚಿತ್ರದಲ್ಲಿ ನಾಯಕನ ಜೊತೆಗಾರನಾಗಿದ್ದ ಚಿಕ್ಕಣ್ಣ ಅವರ ಪಾತ್ರ ಇಲ್ಲಿ ನಾಯಕಸ್ಥಾನಕ್ಕೆ ಏರಿದೆ. ಶಿವರುದ್ರೇಗೌಡನ ಪ್ರತಿಷ್ಠೆ ಮತ್ತು ಅವನ ಮಗಳ ಪ್ರೇಮ ಎಂಬ ಮೂಲ ಸಂಘರ್ಷ ಮುಂದುವರಿದರೂ ಅದನ್ನು ಎದುರಿಸುವವನು ಬದಲಾಗಿದ್ದಾನೆ. ಒಬ್ಬನ ಕಥೆ ಮಂಗಳ ಹಾಡಿದ ಮೇಲೂ ಇನ್ನೊಬ್ಬನ ಕಥೆ ಬಾಕಿ ಇದೆಯೆಂಬ ಈ ತರ್ಕ ಕಥಾನುವರ್ತನೆಗೆ ನ್ಯಾಯವಾದ ಆಧಾರ. ಆದರೆ ಇದಕ್ಕೂ ಒಂದು ಬೆಲೆಯಿದೆ. ವಿದೂಷಕನ ನಗೆ ನಾಯಕನ ಪ್ರಣಯವನ್ನು ಪಕ್ಕದಲ್ಲಿ ನಿಂತು ಕೆಣಕುವುದರಿಂದ ಹುಟ್ಟುತ್ತದೆ. ವಿದೂಷಕನೇ ಪ್ರಣಯಿಯಾದಾಗ ಅವನನ್ನು ಕೆಣಕಲು ಮತ್ತೊಬ್ಬನನ್ನು ಹುಡುಕಬೇಕಾಗುತ್ತದೆ.

ಈ ನಿದರ್ಶನಗಳ ಹಿಂದೆ ಎರಡು ತಾತ್ತ್ವಿಕ ಸಂಗತಿಗಳಿವೆ. ಮೊದಲನೆಯದು ಪುನರಾವರ್ತನೆಗೆ ಸಂಬಂಧಿಸಿದುದು. ಬರ್ಗ್‌ಸನ್ ತನ್ನ ‘ನಗೆ’ (1900) ಗ್ರಂಥದಲ್ಲಿ, ಜೀವಂತವಾದುದರ ಮೇಲೆ ಯಾಂತ್ರಿಕತೆ ಹೇರಲ್ಪಟ್ಟಾಗ ನಗೆ ಹುಟ್ಟುತ್ತದೆಂದು ವಾದಿಸಿ ಪುನರಾವರ್ತನೆಯನ್ನು ಹಾಸ್ಯದ ಮುಖ್ಯ ತಂತ್ರಗಳಲ್ಲೊಂದಾಗಿ ಗುರುತಿಸುತ್ತಾನೆ. ಆದರೆ ಒಂದು ಕೃತಿಯ ಒಳಗೆ ಯಾಂತ್ರಿಕವಾಗುವುದು ಪಾತ್ರ. ಎರಡು ಕೃತಿಗಳ ನಡುವೆ ಯಾಂತ್ರಿಕವಾಗುವುದು ಸ್ವತಃ ಕೃತಿ. ಮೊದಲನೆಯದನ್ನು ಕಂಡು ಪ್ರೇಕ್ಷಕ ನಗುತ್ತಾನೆ. ಎರಡನೆಯದನ್ನು ಕಂಡು ಬೇಸರಗೊಳ್ಳುತ್ತಾನೆ.

ಎರಡನೆಯದು ಮುಕ್ತಾಯಕ್ಕೆ ಸಂಬಂಧಿಸಿದುದು. ಹಾಸ್ಯಕಥನ ಸಾಮಾನ್ಯವಾಗಿ ಮದುವೆಯಲ್ಲಿ, ಮಂಗಳದಲ್ಲಿ ಮುಗಿಯುತ್ತದೆ. ಮಂಗಳದ ನಂತರದ ಕಥೆ ಯಾವ ರಸದತ್ತ ವಾಲುತ್ತದೆಂಬುದನ್ನು ನಮ್ಮ ಪರಂಪರೆ ಹಿಂದೆಯೇ ಕಂಡುಕೊಂಡಿದೆ. ಪಟ್ಟಾಭಿಷೇಕದ ನಂತರದ ಉತ್ತರಕಾಂಡದಲ್ಲಿ ಇರುವುದು ಸೀತೆಯ ಪರಿತ್ಯಾಗ. ಭವಭೂತಿಯ ‘ಉತ್ತರರಾಮಚರಿತ’ದ ಪ್ರಧಾನ ರಸ ಕರುಣ. ಹಾಸ್ಯದ ಉತ್ತರಭಾಗವು ಹಾಸ್ಯವಾಗಿಯೇ ಉಳಿಯಬೇಕಾದರೆ ಹಿಂದಿನ ಮಂಗಳವನ್ನು ಮುರಿಯಬೇಕು, ಇಲ್ಲವೇ ಬೇರೊಬ್ಬನನ್ನು ಆಶ್ರಯಿಸಬೇಕು.

ಇಲ್ಲೊಂದು ಆಕ್ಷೇಪ ಸಹಜ. ಉತ್ತರ ಕನ್ನಡದ ಯಕ್ಷಗಾನದಲ್ಲಿ ಹಾಸ್ಯಗಾರ ರಾತ್ರಿ ರಾತ್ರಿಯೂ ಬರುತ್ತಾನೆ. ಉತ್ತರ ಕರ್ನಾಟಕದ ‘ಶ್ರೀಕೃಷ್ಣ ಪಾರಿಜಾತ’ದ ದೂತಿಯನ್ನು ಜನ ಎಷ್ಟು ಸಲ ಕಂಡರೂ ತಣಿಯುವುದಿಲ್ಲ. ಮುಂಡಗೋಡ, ಹಳಿಯಾಳಗಳಂತೆ ಮಲೆನಾಡು ಬಯಲುಸೀಮೆಯನ್ನು ಕೂಡುವ ಭಾಗಗಳ ಪ್ರೇಕ್ಷಕರಿಗೆ ಈ ಎರಡು ಪರಂಪರೆಗಳೂ ದೂರದವಲ್ಲ. ಅಲ್ಲಿ ಪುನರಾವರ್ತನೆ ಏಕೆ ಬೇಸರ ತರುವುದಿಲ್ಲ? ಕಾರಣ ಸ್ಪಷ್ಟ. ಅಲ್ಲಿ ಕಥೆ ಹಳೆಯದು, ಮಾತು ಅಂದಿನದು. ಆಶುಮಾತು ಊರನ್ನೂ ಸಂದರ್ಭವನ್ನೂ ಎದುರು ಕುಳಿತವರನ್ನೂ ನೋಡಿ ಹುಟ್ಟುತ್ತದೆ. ಚಲನಚಿತ್ರದಲ್ಲಿ ಮಾತು ಒಮ್ಮೆ ಮುದ್ರಿತವಾದರೆ ಬದಲಾಗದು. ಆದ್ದರಿಂದ ಅದರ ಉತ್ತರಭಾಗ ಹೊಸ ಮಾತನ್ನು ತರಲೇಬೇಕು. ಗುರುಪ್ರಸಾದ್ ಅವರ ‘ಎದ್ದೇಳು ಮಂಜುನಾಥ’ (2009) ಇಂತಹ ಮಾತಿನ ಬಲದ ಮೇಲೆ ನಿಂತ ಚಿತ್ರ. ಜಗ್ಗೇಶ್ ಅವರ ಉಚ್ಚಾರಣೆಯನ್ನು ಬಿಟ್ಟು ಆ ಸೋಮಾರಿ ಮಂಜುನಾಥನನ್ನು ಊಹಿಸುವುದು ಕಷ್ಟ. ನಿರ್ದೇಶಕರ ಮರಣಾನಂತರ 2025ರಲ್ಲಿ ತೆರೆಕಂಡ ಎರಡನೆಯ ಭಾಗದಲ್ಲಿ ಜಗ್ಗೇಶ್ ಇರಲಿಲ್ಲ. ಗುರುಪ್ರಸಾದ್ ಅವರೇ ಮುಖ್ಯಪಾತ್ರದಲ್ಲಿದ್ದರು. ಶೀರ್ಷಿಕೆಯನ್ನು ವರ್ಗಾಯಿಸಬಹುದು, ಧ್ವನಿಯನ್ನು ವರ್ಗಾಯಿಸಲಾಗದೆಂಬುದಕ್ಕೆ ಇದೊಂದು ನಿದರ್ಶನ.

ಒಟ್ಟಿನಲ್ಲಿ, ಉತ್ತರಭಾಗವು ಮೂಲಕ್ಕೆ ಸಾಟಿಯಾಗದೆಂಬುದು ನಿಯಮವಲ್ಲ. ಮೂಲದ ನಗೆಗೆ ಕಾರಣವಾದದ್ದು ಗುಟ್ಟೋ ಸ್ವಭಾವವೋ ಮಾತೋ ಎಂಬುದನ್ನು ಮೊದಲು ಗುರುತಿಸಬೇಕು. ಗುಟ್ಟು ಒಮ್ಮೆ ಹೊರಬಿದ್ದರೆ ತೀರಿತು. ಸ್ವಭಾವ ಹೊಸ ಸನ್ನಿವೇಶವನ್ನು ಬೇಡುತ್ತದೆ. ಮಾತು ಆ ಧ್ವನಿಯನ್ನೇ ಬೇಡುತ್ತದೆ. ಹಾಸ್ಯಚಿತ್ರಗಳನ್ನು ಲಘುವೆಂದು ಬದಿಗಿರಿಸುವ ವಿಮರ್ಶೆ ಈ ವ್ಯತ್ಯಾಸಗಳನ್ನು ಗಮನಿಸುವುದಿಲ್ಲ. ಕನ್ನಡದ ನಗೆಯ ಚರಿತ್ರೆಯನ್ನು ಬರೆಯುವಾಗ ರಂಗದ ಆಶುಮಾತಿನಿಂದ ತೆರೆಯ ಮುದ್ರಿತ ಮಾತಿನವರೆಗಿನ ಈ ಪಲ್ಲಟವನ್ನು ಒಂದೇ ಎಳೆಯಾಗಿ ಅಭ್ಯಸಿಸುವ ಅಗತ್ಯವಿದೆ.