ಹರುಕುಕಿವಿಯನ್ನು ಮುಟ್ಟದೆ ನಿಂತ ದಿನ

ಹರುಕುಕಿವಿ ಎಂಬ ಹೆಣ್ಣು ಮಂಗ ಸತ್ತು ಬಿದ್ದಾಗ ನೀನೇಕೆ ಹತ್ತಿರ ಹೋಗಲಿಲ್ಲ ಎಂದು ಮೂಡುಬಿದಿರೆಯ ಕಾಲೇಜು ಗೆಳತಿಯರು ಈಗಲೂ ಕೇಳುತ್ತಾರೆ. ಅವರಿಗೂ, ಮಂಗಗಳ ಅಧ್ಯಯನಕ್ಕೆಂದು ಗುಡ್ಡೆ ಹತ್ತುವ ಹೊಸಬರಿಗೂ ಇದನ್ನು ಬರೆಯುತ್ತಿದ್ದೇನೆ.

ಬೆಳ್ತಂಗಡಿ ಕಡೆಯ ಅದರ ಗುಂಪು ನನ್ನನ್ನು ಸಹಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ದಿಟ್ಟಿಸಿ ನೋಡಿದರೆ ಮಂಗ ಅದನ್ನು ಜಗಳವೆಂದೇ ತಿಳಿಯುತ್ತದೆ. ಓರೆಗಣ್ಣಲ್ಲಿ ನೋಡಿ ಬರೆದುಕೊಳ್ಳಬೇಕು. ತಿನ್ನಲು ಏನೂ ಕೊಡಬಾರದು. ಬಂಟ್ವಾಳದ ಕಾರಿಂಜ ದೇವಸ್ಥಾನದಲ್ಲಿ ನೈವೇದ್ಯದ ಅನ್ನ ಮಂಗಗಳಿಗೆ ಸಲ್ಲುತ್ತದೆ, ಅದು ಭಕ್ತಿಯ ನಂಟು. ನಮ್ಮದು ಗುರುತಿನ ನಂಟು. ಬಾನೆಟ್ ಮಕಾಕ್ ಎಂದು ಪುಸ್ತಕಗಳು ಕರೆಯುವ ಈ ಮಂಗಗಳಲ್ಲಿ ಗಂಡು ಗುಂಪು ಬಿಟ್ಟು ಹೋಗುತ್ತದೆ, ಹೆಣ್ಣು ಹುಟ್ಟಿದಲ್ಲೇ ಬಾಳುತ್ತದೆ. ಹಾಗಾಗಿ ಹರುಕುಕಿವಿಯ ತಾಯಿ, ಮಗಳು ಎಲ್ಲ ನನಗೆ ಗೊತ್ತು. ಕೊಕ್ಕೊ, ಬೊಂಡ ಹಾಳಾದಾಗಲೆಲ್ಲ ಮಾವ, "ನಿನ್ನ ನೆಂಟರಿಗೆ ನೀನೇ ಬುದ್ಧಿ ಹೇಳು ಮಾರಾಯ್ತಿ" ಎಂದು ರೇಗುತ್ತಿದ್ದರು.

ಆ ಬೆಳಿಗ್ಗೆ ಹರುಕುಕಿವಿ ಗೇರುಮರದ ಬುಡದಲ್ಲಿ ಬಿದ್ದಿತ್ತು. ಮೈಮೇಲೆ ಗಾಯವಿರಲಿಲ್ಲ. ಮರಿ ಇನ್ನೂ ಎದೆಗೆ ಬಾಯಿ ಹಾಕುತ್ತಿತ್ತು, ಬಿಟ್ಟು ಓಡುತ್ತಿತ್ತು, ಮತ್ತೆ ಬಂದು ತಾಯಿಯ ಕೈ ಎಳೆಯುತ್ತಿತ್ತು. ಎತ್ತಿಕೊಳ್ಳಲು ಕೈ ಮುಂದಾಯಿತು. ಹಿಂದೆ ಎಳೆದುಕೊಂಡೆ. ಮಂಗ ಸತ್ತರೆ ಉಣುಗುಗಳು ಮೈಯಿಂದ ಇಳಿದು ತರಗೆಲೆಗೆ ಸೇರುತ್ತವೆ. ಮಂಗನ ಕಾಯಿಲೆಯ ವೈರಸ್ ಇದ್ದರೆ ಅದನ್ನು ಮನುಷ್ಯರಿಗೆ ದಾಟಿಸುವುದು ಅವೇ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಈ ಜ್ವರ 1982–83ರಲ್ಲಿ ನಮ್ಮ ಪಟ್ರಮೆ, ನಿಡ್ಲೆಗೂ ಬಂದಿತ್ತು.

ಇಲಾಖೆಗೆ ಫೋನ್ ಮಾಡಿದೆ. "ಮಂಗ ತಾನೇ? ಹೊಂಡ ತೋಡಿ ಹೂತುಬಿಡಿ, ನಾಳೆ ನೋಡುವ" ಎಂದರು ಒಬ್ಬ ಅಧಿಕಾರಿ. ಮಾದರಿ ತೆಗೆಯದೆ ಹೂಳುವುದೇ? ಆ ಮಾತಿಗೆ ನನಗೆ ಇವತ್ತಿಗೂ ಕ್ಷಮೆಯಿಲ್ಲ. ಶಾಲೆಗೆ ಹೊರಟ ಮಕ್ಕಳನ್ನು ನಾನು ತಡೆದೆ. ತೋಟದ ಆಳುಗಳನ್ನು ಮಾವ ತಡೆದರು. 1982–83ರ ಜ್ವರ ಕಂಡವರು ಅವರು, ಅವರಿಗೆ ವಿವರಿಸಬೇಕಾಗಲಿಲ್ಲ. ಸಂಜೆ ಬೇರೆ ಸಿಬ್ಬಂದಿ ಬಂದು ಮಾದರಿ ತೆಗೆದು, ಹೆಣ ಸುಟ್ಟು, ಸುತ್ತ ಔಷಧಿ ಹಾಕಿದರು. ಮರಿ ಅಷ್ಟರಲ್ಲಿ ಅಜ್ಜಿಯ ಹೊಟ್ಟೆಗೆ ಅಂಟಿಕೊಂಡಿತ್ತು.

ಪರೀಕ್ಷೆಯಲ್ಲಿ ಕಾಯಿಲೆ ಕಾಣಲಿಲ್ಲ. "ಸುಮ್ಮನೆ ಗಲಾಟೆ" ಎಂದರು ಅದೇ ಅಧಿಕಾರಿ. ಗುಂಪಿನಲ್ಲಿ ಒಂದು ಮುಖ ಕಡಿಮೆಯಾದರೆ ಮೊದಲು ತಿಳಿಯುವುದು ದಿನವೂ ನೋಡುವವರಿಗೆ. ಅಂಥವರ ಮಾತನ್ನು ಇಲಾಖೆ ಕೇಳಲೇಬೇಕು.

ಹೊಸಬರು ಉದ್ದ ತೋಳಿನ ಅಂಗಿ ಹಾಕಿ, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಉಣುಗು ಹುಡುಕಿ. ಡಿಸೆಂಬರಿನಿಂದ ಮೇವರೆಗೆ ಎಲ್ಲಿ ಸತ್ತ ಮಂಗ ಕಂಡರೂ, ಓದುಗರೇ, ಮುಟ್ಟಬೇಡಿ. ಆ ಗಳಿಗೆಯಲ್ಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಯಾರಾದರೂ ಬರುವ ತನಕ ಮಕ್ಕಳನ್ನು ಅತ್ತ ಬಿಡಬೇಡಿ.